ಪರಿಷೆಗೆ ಯಾವ ಕ್ಯಾಮೆರಾ? ಹಳೇ ಡಿಜಿಟಲ್ ಕ್ಯಾಮೆರಾ ಮತ್ತು 170 ವರ್ಷದ ಒಂದು ಪ್ರಶ್ನೆ

ಸಾಮಾನ್ಯವಾಗಿ ಈ ಕಾರ್ಯಕ್ರಮದಲ್ಲಿ ಕೋಟೆ, ಕೆರೆ, ಶಾಸನ ಅಂತ ಮಾತಾಡ್ತೀವಿ. ಇವತ್ತಿನ ವಿಷಯ ನಮ್ಮ ಮನೆ ಬೀರುವಿನಲ್ಲಿದೆ. ಒಂದು ಹಳೇ ಡಿಜಿಟಲ್ ಕ್ಯಾಮೆರಾ, 2005ರಲ್ಲಿ ತಗೊಂಡಿದ್ದು, 6 ಮೆಗಾಪಿಕ್ಸೆಲ್. ಹಿಂಬದಿಯ ಪರದೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಿಕ್ಕದು. ಹಿಡಿಯೋ ಜಾಗದ ರಬ್ಬರ್ ಬಿಟ್ಟುಕೊಂಡಿದೆ, ಫೆವಿಕ್ವಿಕ್ ಹಾಕಿ ಅಂಟಿಸಿದ್ದೀನಿ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನ ಪ್ರತಿ ವರ್ಷ ಇದರಲ್ಲೇ ತೆಗೀತಾ ಬಂದಿದ್ದೀನಿ. ಈ ವರ್ಷ ಅಣ್ಣನ ಮಗ ನೇರವಾಗಿ ಕೇಳಿದ: "ಚಿಕ್ಕಪ್ಪ, ನನ್ನ ಫೋನಲ್ಲಿ ಇದರ ಎಂಟು ಪಟ್ಟು ಮೆಗಾಪಿಕ್ಸೆಲ್ ಇದೆ. ಇನ್ನೂ ಇದನ್ನೇ ಹೊತ್ಕೊಂಡು ಓಡಾಡ್ತೀರಲ್ಲ, ಹೊಸದು ತಗೋಬಾರದಾ?"

ಅವನಿಗೆ ತಕ್ಷಣ ಉತ್ತರ ಕೊಡೋಕೆ ಆಗಲಿಲ್ಲ. ಹೌದು ಅನ್ನೋಕೂ ಕಾರಣ ಇತ್ತು, ಬೇಡ ಅನ್ನೋಕೂ ಇತ್ತು. ಆಮೇಲೆ ಯೋಚಿಸಿದಾಗ ಅನ್ನಿಸಿತು, ಈ ಪ್ರಶ್ನೆಯನ್ನ ಬೆಂಗಳೂರಿನಲ್ಲಿ ಕೇಳಿಕೊಂಡವರಲ್ಲಿ ನಾನು ಮೊದಲನೆಯವನೇನಲ್ಲ. ಇದಕ್ಕೆ ಹತ್ತಿರ ಹತ್ತಿರ 170 ವರ್ಷ ಆಗಿದೆ.

1854ಕ್ಕೆ ಹೋಗೋಣ. ಲಿನ್ನೇಯಸ್ ಟ್ರೈಪ್ ಅಂತ ಒಬ್ಬ ಸೈನ್ಯಾಧಿಕಾರಿ, ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದವನು, ಆಗ ಬೆಂಗಳೂರಿನಲ್ಲಿದ್ದ. ಆ ವರ್ಷದ ಡಿಸೆಂಬರಿನಲ್ಲಿ ಕ್ಯಾಮೆರಾ ಹೊರಿಸಿಕೊಂಡು ಹಳೇಬೀಡಿನ ಕಡೆ ಹೋಗಿ ಹೊಯ್ಸಳೇಶ್ವರ ದೇವಸ್ಥಾನದ ಚಿತ್ರ ತೆಗೆದ. ಕರ್ನಾಟಕದ ದೇವಸ್ಥಾನಗಳ ತೀರಾ ಹಳೆಯ ಫೋಟೋಗಳ ಸಾಲಿಗೆ ಅವು ಸೇರ್ತವೆ. 1855ರಲ್ಲಿ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಅವುಗಳನ್ನ ಜನರೂ ನೋಡಿದರು.

ನನಗೆ ಕುತೂಹಲ ಇರೋದು ಅವನು ಬಳಸಿದ ವಿಧಾನದ ಬಗ್ಗೆ. ಅಷ್ಟೊತ್ತಿಗಾಗಲೇ ಹೊಸ ತಂತ್ರ ಒಂದು ಬಂದಿತ್ತು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಹಲಗೆ ಮೇಲೆ ಕೊಲೋಡಿಯನ್ ಅನ್ನೋ ಅಂಟುದ್ರವ ಹಚ್ಚಿ ನೆಗೆಟಿವ್ ಮಾಡೋದನ್ನ ಪ್ರಕಟಿಸಿದ್ದ. ಗಾಜಿನ ನೆಗೆಟಿವ್‌ನಲ್ಲಿ ಚಿತ್ರ ಬಹಳ ಸ್ಪಷ್ಟ. ಹಳೇ ವಿಧಾನದಲ್ಲಿ ನೆಗೆಟಿವ್ ಅಂದ್ರೆ ಕಾಗದ. ಕಾಗದಕ್ಕೆ ಮೇಣ ಹಿಡಿಸಿ, ರಾಸಾಯನಿಕ ಹಚ್ಚಿ, ಬೆಳಕಿಗೆ ಒಡ್ಡೋದು. ಕಾಗದದ ನಾರು ಚಿತ್ರದಲ್ಲೂ ಸ್ವಲ್ಪ ಮೂಡುತ್ತೆ, ಗಾಜಿನ ಸ್ಪಷ್ಟತೆ ಅದಕ್ಕೆ ಬರೋದಿಲ್ಲ. ಇವತ್ತಿನ ಮಾತಲ್ಲಿ ಹೇಳೋದಾದ್ರೆ ಮೆಗಾಪಿಕ್ಸೆಲ್ ಕಮ್ಮಿ.

ಟ್ರೈಪ್ ಕಾಗದವನ್ನೇ ಇಟ್ಟುಕೊಂಡ. ಯಾಕೆ ಅನ್ನೋದು ನಮ್ಮ ಬಿಸಿಲು ಕಂಡವರಿಗೆ ಅರ್ಥ ಆಗುತ್ತೆ. ಗಾಜಿಗೆ ದ್ರವ ಹಚ್ಚಿದ ಮೇಲೆ ಅದು ಒದ್ದೆ ಇರುವಾಗಲೇ ಚಿತ್ರ ತೆಗೀಬೇಕು, ಒದ್ದೆ ಇರುವಾಗಲೇ ಸಂಸ್ಕರಿಸಬೇಕು. ಎಲ್ಲ ಸೇರಿ ಕೆಲವೇ ನಿಮಿಷದ ಕೆಲಸ. ಕತ್ತಲೆ ಡೇರೆ, ರಾಸಾಯನಿಕ, ಗಾಜು ಎಲ್ಲ ಜೊತೆಗೇ ಇರಬೇಕು. ಸೆಕೆಯಲ್ಲಿ ದ್ರವ ಬೇಗ ಒಣಗುತ್ತೆ. ಎತ್ತಿನ ಗಾಡಿ ಹಳ್ಳ ಹಾರಿದರೆ ಗಾಜು ಚೂರು. ಮೇಣದ ಕಾಗದವನ್ನಾದರೆ ಮೊದಲೇ ತಯಾರು ಮಾಡಿ ಇಟ್ಟುಕೊಂಡು, ಒಣಗಿದ್ದರೂ ಬಳಸಬಹುದು. ಸಂಸ್ಕರಣೆ ಬಿಡಾರಕ್ಕೆ ಬಂದ ಮೇಲೆ ಮಾಡಿಕೊಂಡರಾಯ್ತು. ಬೆಳಕಿಗೆ ಒಡ್ಡೋ ಸಮಯ ಜಾಸ್ತಿ, ನಿಮಿಷಗಟ್ಟಲೆ. ಆದರೆ ಹೊಯ್ಸಳೇಶ್ವರ ಎಲ್ಲಿಗೂ ಎದ್ದು ಹೋಗೋದಿಲ್ಲವಲ್ಲ!

ಅಂದ್ರೆ ಅವನು ಹೊಸದು ಬೇಡ ಅಂತ ಹಟ ಹಿಡಿದವನಲ್ಲ, ತನ್ನ ಕೆಲಸಕ್ಕೆ ಯಾವುದು ಒದಗುತ್ತೆ ಅಂತ ನೋಡಿದವನು. 1855ರಲ್ಲಿ ಬರ್ಮಾಕ್ಕೆ ಹೋದಾಗಲೂ ಕಾಗದದ ನೆಗೆಟಿವ್‌ಗಳನ್ನೇ ಒಯ್ದ. ಆಕಾಶ ಬೋಳಾಗಿ ಬರುತ್ತೆ ಅಂತ ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಮೂಡಿಸಿದ ಉದಾಹರಣೆಗಳೂ ಇವೆ. ಫೋಟೋಶಾಪ್ ಇವತ್ತಿನ ಪಿಡುಗು ಅನ್ನೋರು ಇದನ್ನ ಸ್ವಲ್ಪ ಗಮನಿಸಬೇಕು. ವಾಪಸ್ ಬಂದು ಆ ಬರ್ಮಾ ಚಿತ್ರಗಳ ಪ್ರತಿಗಳನ್ನ ಹಾಕಿದ್ದು ನಮ್ಮ ಬೆಂಗಳೂರಿನಲ್ಲೇ. ಅಷ್ಟರಲ್ಲಿ ಮದ್ರಾಸ್ ಸರ್ಕಾರ ಅವನನ್ನ ಅಧಿಕೃತ ಫೋಟೋಗ್ರಾಫರ್ ಆಗಿ ನೇಮಿಸಿತ್ತು. 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಸ್ಥಾನದ ಬುಡದ ಸುತ್ತ ಇರೋ ಶಾಸನಗಳನ್ನ ತುಂಡು ತುಂಡಾಗಿ ತೆಗೆದು, 21 ಚಿತ್ರ ಜೋಡಿಸಿ, ಸುಮಾರು 19 ಅಡಿ ಉದ್ದದ ಪಟ್ಟಿ ಮಾಡಿದ. ಆಮೇಲೆ ಎರಡು ವರ್ಷದೊಳಗೆ ಸರ್ಕಾರಕ್ಕೆ ಈ ಖರ್ಚು ದುಬಾರಿ ಅನ್ನಿಸಿತು, ಕೆಲಸ ನಿಲ್ಲಿಸಿದರು.

ಕ್ಯಾಮೆರಾ ಹೋಯ್ತು, ಹುದ್ದೆ ಹೋಯ್ತು, ಆ ವಿಧಾನವೂ ಹೋಯ್ತು. ಚಿತ್ರಗಳು ಮಾತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇವೆ. ಪ್ರತಿ ಹಾಕಿ ಬೇರೆ ಬೇರೆ ಕಡೆ ಇಟ್ಟಿದ್ದರು, ಅದಕ್ಕೇ ಉಳಿದವು. ಇದನ್ನ ಸ್ವಲ್ಪ ನೆನಪಿಟ್ಟುಕೊಂಡಿರಿ, ಮತ್ತೆ ಬರ್ತೀನಿ.

ಈಗ ಒಂದು ನೂರು ವರ್ಷ ದಾಟಿ ನಮ್ಮ ಮನೆಗೇ ಬರೋಣ. ನಮ್ಮ ತಂದೆಯ ಹತ್ತಿರ ಅಗ್ಫಾ ಕ್ಲಿಕ್ 3 ಇತ್ತು. ಬರೋಡಾದಲ್ಲಿ ತಯಾರಾಗ್ತಿದ್ದ ಕ್ಯಾಮೆರಾ. ಕೇಳುಗರಲ್ಲಿ ಐವತ್ತು ದಾಟಿದವರು ಅದನ್ನ ಮುಟ್ಟಿಯೇ ಇರ್ತೀರಿ. ಕಪ್ಪು ಡಬ್ಬಿ, ಚರ್ಮದಂಥ ಚೀಲ, 120 ಅನ್ನೋ ಅಗಲದ ರೋಲು, ಒಂದು ರೋಲಿಗೆ 12 ಚಿತ್ರ. ಹನ್ನೆರಡೇ ಹನ್ನೆರಡು! ಪರಿಷೆಗೆ ಹೋದರೆ ತಂದೆ ನಾಲ್ಕು ತೆಗೀತಿದ್ರು, ಉಳಿದಿದ್ದು ಯಾರದೋ ಮುಂಜಿಗೆ, ನಾಮಕರಣಕ್ಕೆ. ಹೊರದೇಶದ ಸರಕು ಸುಲಭವಾಗಿ ಸಿಗದ ಕಾಲ ಅದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, 1960ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ, 'ಇಂದು' ಹೆಸರಲ್ಲಿ ಫಿಲ್ಮು ತರ್ತಿತ್ತು.

ಅದೇ ಕೊರತೆಯ ಕಾಲದಲ್ಲಿ ಬೆಂಗಳೂರಿನ ಹವ್ಯಾಸಿಗಳು ಏನು ಮಾಡಿದರು ನೋಡಿ. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಟಿ.ಎನ್.ಎ. ಪೆರುಮಾಳ್ ಅವರಂಥವರು (1932ರಲ್ಲಿ ಹುಟ್ಟಿದವರು, 2017ರಲ್ಲಿ ತೀರಿಕೊಂಡರು) ಕಾಡಲ್ಲಿ ಹಕ್ಕಿಗೂಡಿನ ಹತ್ತಿರ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕಾದು ತೆಗೆದ ಕಪ್ಪುಬಿಳುಪು ಚಿತ್ರಗಳು ಜಗತ್ತಿನ ಪ್ರದರ್ಶನಗಳಿಗೆ ಹೋದವು. ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದ ಕಥೆ ನಿಮಗೆ ಗೊತ್ತೇ ಇದೆ.

ಇಲ್ಲಿ ಒಂದು ವಿಷಯವನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು. ನನ್ನ ಇಡೀ ಗೊಂದಲ ಬಿಡಿಸಿದ್ದು ಇದೇ. ಫಿಲ್ಮಿನ ಕಾಲದಲ್ಲಿ ಬೆಳಕನ್ನ ಹಿಡಿಯೋ ವಸ್ತು ಕ್ಯಾಮೆರಾದ ಭಾಗವೇ ಆಗಿರಲಿಲ್ಲ. ಅದನ್ನ ಅಂಗಡಿಯಿಂದ ತಂದು ಒಳಗೆ ಹಾಕ್ತಿದ್ದೆವು. ಉದಾಹರಣೆಗೆ ನಿಕಾನ್ ಎಫ್ ಅನ್ನೋ ಕ್ಯಾಮೆರಾ ಬಂದಿದ್ದು 1959ರಲ್ಲಿ. ಅದಕ್ಕೆ 1995ರಲ್ಲಿ ತಯಾರಾದ ಕಲರ್ ಫಿಲ್ಮ್ ಹಾಕಿದರೆ, 36 ವರ್ಷ ಹಳೇ ಡಬ್ಬಿಗೆ ಹೊಚ್ಚ ಹೊಸ ಕಣ್ಣು ಬಂದಹಾಗೆ. ಫಿಲ್ಮ್ ಕಂಪನಿಯವರು ಸುಧಾರಿಸಿದ್ದೆಲ್ಲ ನಿಮಗೂ ಬರ್ತಿತ್ತು, ಒಂದು ರೋಲಿನ ಬೆಲೆಗೆ. ಅದಕ್ಕೇ ಒಂದು ಕ್ಯಾಮೆರಾ ತಂದೆಯಿಂದ ಮಗನಿಗೆ ಬರೋದು ಸಹಜ ಆಗಿತ್ತು. ಹೊಸ ಕ್ಯಾಮೆರಾ ಬೇಕಾ ಅನ್ನೋ ಪ್ರಶ್ನೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಬರ್ತಿತ್ತು.

ಡಿಜಿಟಲ್ ಇದನ್ನ ತಲೆಕೆಳಗು ಮಾಡಿತು. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಯಂತ್ರ ಮೂರೂವರೆ ಕೆಜಿಗೂ ಹೆಚ್ಚು ತೂಗ್ತಿತ್ತು. ಒಂದು ಚಿತ್ರವನ್ನ ಕ್ಯಾಸೆಟ್ಟಿಗೆ ಬರೆಯೋಕೆ 23 ಸೆಕೆಂಡು, ಸ್ಪಷ್ಟತೆ ಒಂದು ಮೆಗಾಪಿಕ್ಸೆಲ್ಲಿನ ನೂರನೇ ಒಂದು ಭಾಗ. ಅಲ್ಲಿಂದ ಮುಂದೆ ಬೆಳಕು ಹಿಡಿಯೋ ಸೆನ್ಸರ್ ಕ್ಯಾಮೆರಾದೊಳಗೇ ಬೆಸೆದುಕೊಂಡುಬಿಟ್ಟಿತು. ಅದನ್ನ ಕಳಚಿ ಹೊಸದು ಹಾಕೋ ಹಾಗಿಲ್ಲ. ಸೆನ್ಸರ್ ಹಳತಾಯ್ತು ಅಂದ್ರೆ ಡಬ್ಬಿಯೂ ಹಳತಾದ ಹಾಗೆ. ಹಾಗಾಗಿ ಹತ್ತು ವರ್ಷಕ್ಕೊಮ್ಮೆ ಬರ್ತಿದ್ದ ಪ್ರಶ್ನೆ ವರ್ಷಾ ವರ್ಷ ಬರೋಕೆ ಶುರುವಾಯ್ತು. 2003ರಲ್ಲಿ ಕ್ಯಾನನ್ 300ಡಿ, 2004ರಲ್ಲಿ ನಿಕಾನ್ ಡಿ70, ಎರಡೂ 6 ಮೆಗಾಪಿಕ್ಸೆಲ್ ಆಸುಪಾಸು, ಹವ್ಯಾಸಿಗಳ ಕೈಗೆ ಎಟುಕಿದ ಮೊದಲ ಗಂಭೀರ ಡಿಜಿಟಲ್ ಕ್ಯಾಮೆರಾಗಳು. 2008ಕ್ಕೆ ಡಿ90 ಬಂದು ವಿಡಿಯೋನೂ ಸೇರಿಸಿತು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಒಳಗಿನ ಕನ್ನಡಿ ತೆಗೆದುಹಾಕಿ ದೊಡ್ಡ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾ ತಂದವು, ಜೊತೆಗೆ ಲೆನ್ಸ್ ಕೂರೋ ಬಾಯಿಯನ್ನೂ ಬದಲಾಯಿಸಿದವು. ನಡುವೆ ಫೋನು ಬಂದು ಎಲ್ಲರ ಲೆಕ್ಕ ಬುಡಮೇಲು ಮಾಡಿತು. ಜಪಾನಿನ ಕ್ಯಾಮೆರಾ ಉದ್ಯಮದ ಸಂಘದ ಲೆಕ್ಕದಲ್ಲಿ 2010ರಲ್ಲಿ ಜಗತ್ತಿನ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2020ಕ್ಕೆ ಅದು ಒಂದು ಕೋಟಿಗೂ ಕಡಿಮೆ.

ಸರಿ, ಈಗ ಅಣ್ಣನ ಮಗನ ಮೆಗಾಪಿಕ್ಸೆಲ್ ಲೆಕ್ಕ. ನನ್ನ 6 ಮೆಗಾಪಿಕ್ಸೆಲ್ ಅಂದ್ರೆ ಸುಮಾರು 3000 ಚುಕ್ಕಿ ಉದ್ದ, 2000 ಚುಕ್ಕಿ ಅಗಲ. ಹೊಸ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಅಂದ್ರೆ 6000, 4000. ಹೇಳೋವಾಗ ನಾಲ್ಕು ಪಟ್ಟು ಅಂತಾರೆ, ಆದರೆ ಉದ್ದ ಅಗಲದಲ್ಲಿ ಎರಡೇ ಪಟ್ಟು. ಅಂಗುಲಕ್ಕೆ 300 ಚುಕ್ಕಿಯ ಹಾಗೆ ಪ್ರಿಂಟ್ ಹಾಕಿದರೆ ನನ್ನದು ಹತ್ತು ಅಂಗುಲ ಉದ್ದ ಬರುತ್ತೆ. ಗೋಡೆಗೆ ಹಾಕೋ ಚಿತ್ರ ಅಂದ್ರೆ ಅದಕ್ಕಿಂತ ದೊಡ್ಡದೂ ಚೆನ್ನಾಗೇ ಬರುತ್ತೆ, ಯಾಕಂದ್ರೆ ಯಾರೂ ಮೂಗು ತಾಗಿಸಿ ನೋಡೋದಿಲ್ಲ.

ಇದು ಬರೀ ಲೆಕ್ಕ ಅಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಒಬ್ಬ ಅಜ್ಜಿಯಿಂದ. ಚಿಂತಾಮಣಿ ಕಡೆಯವರು. ಪ್ರತಿ ವರ್ಷ ಕಾರ್ತೀಕದ ಕಡೇ ಸೋಮವಾರಕ್ಕೆ ಮೂಟೆ ಹಾಕಿಕೊಂಡು ಬಂದು ಬುಲ್ ಟೆಂಪಲ್ ರಸ್ತೆಯಲ್ಲಿ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಕೂರ್ತಿದ್ರು. ನಾನು ಫೋಟೋ ತೆಗೆಯೋದು, ಮುಂದಿನ ವರ್ಷ ಪ್ರಿಂಟ್ ಹಾಕಿಸಿ ಕೊಡೋದು, ಅವರು ಸೇರಿನ ಮೇಲೆ ಒಂದು ಬೊಗಸೆ ಜಾಸ್ತಿ ಹಾಕೋದು, ಹೀಗೆ ನಡೀತಿತ್ತು. ಒಂದು ವರ್ಷ ಮೂಟೆ ಹಿಂದೆ ಅವರ ಮಗ ಕೂತಿದ್ದ. "ಅಮ್ಮ ಹೋಗ್‌ಬುಟ್ಲು ಸಾರ್. ನೀವ್ ಕೊಟ್ಟಿದ್ ಫೋಟೋ ಮಳೇಲಿ ನೆಂದೋಯ್ತು. ಇನ್ನೊಂದ್ ಐತಾ? ಕಟ್ಟು ಹಾಕ್ಸ್‌ಬೇಕು" ಅಂದ.

ಇದೆ ಅಂತ ಧೈರ್ಯವಾಗಿ ಹೇಳಿ ಬಂದೆ. ಮನೆಗೆ ಬಂದು ಹುಡುಕಿದರೆ 2006ರಿಂದ 2009ರವರೆಗಿನ ನಾಲ್ಕು ಪರಿಷೆ ಇದ್ದ ಹಾರ್ಡ್ ಡಿಸ್ಕು ತಿರುಗಲೇ ಇಲ್ಲ. ಟಕ್ ಟಕ್ ಅಂತ ಸದ್ದು, ಅಷ್ಟೇ. ಇನ್ನೊಂದು ಪ್ರತಿ ನಾನು ಇಟ್ಟಿರಲಿಲ್ಲ. ತಪ್ಪು ಪೂರ್ತಿ ನನ್ನದೇ. ಅವರು ಹಲ್ಲು ಬಿಟ್ಟು ನಕ್ಕಿದ್ದ ಒಂದೇ ಒಂದು ಚಿತ್ರ ಆ ನಾಲ್ಕು ವರ್ಷದಲ್ಲಿತ್ತು. ಕೊನೆಗೆ ಸಿಡಿಯಲ್ಲಿ ಬರೆದಿಟ್ಟಿದ್ದ 2005ರ ಚಿತ್ರ ಸಿಕ್ಕಿತು, ಮೊದಲ ವರ್ಷದ್ದು. ಅದರಲ್ಲಿ ಅವರು ನನ್ನನ್ನ ಸ್ವಲ್ಪ ಅನುಮಾನದಿಂದ ನೋಡ್ತಿದ್ದಾರೆ. ಎಂಟು ಹನ್ನೆರಡು ಅಂಗುಲಕ್ಕೆ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಕೊಟ್ಟೆ. ಸೆರಗಿನ ನೂಲು, ಕೈ ಮೇಲಿನ ಮಣ್ಣು ಎಲ್ಲ ಕಾಣುತ್ತೆ. ಮಗ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳಲಿಲ್ಲ.

ಅದೇ ವಾರ ತಂದೆಯ ಬಿಸ್ಕತ್ ಡಬ್ಬಿ ತೆಗೆದು ನೋಡಿದೆ. ಕ್ಲಿಕ್ 3ರ ನೆಗೆಟಿವ್‌ಗಳು, ಬಟರ್ ಪೇಪರಿನಲ್ಲಿ ಸುತ್ತಿ ಇಟ್ಟಿದ್ದು. 1970ರ ದಶಕದ್ದು. ಕಿಟಕಿಗೆ ಹಿಡಿದರೆ ದೊಡ್ಡ ಬಸವನ ಗುಡಿ, ರಸ್ತೆ, ಅಂಗಡಿ, ಎಲ್ಲ ಹಾಗೇ ಇದೆ. ಕ್ಯಾಮೆರಾ ಎಲ್ಲಿ ಹೋಯ್ತೋ ಗೊತ್ತಿಲ್ಲ. ಅಪ್ಪ ನಾಲ್ಕೇ ನಾಲ್ಕು ತೆಗೆದ್ರು, ನಾಲ್ಕೂ ಇದೆ. ನಾನು ಸಾವಿರಾರು ತೆಗೆದೆ, ನಾಲ್ಕು ವರ್ಷದ್ದು ಪೂರ್ತಿ ಇಲ್ಲ.

ಹಾಗಂತ ಹಳೇ ಕ್ಯಾಮೆರಾನೇ ಸಾಕು, ಹೊಸದೆಲ್ಲ ಶೋಕಿ ಅಂತ ನಾನು ಹೇಳಲ್ಲ. ಆ ಥರದ ಮಾತು ಕೇಳಿದ್ರೆ ನನಗೇ ಕಿರಿಕಿರಿ. ಕತ್ತಲಾದ ಮೇಲೆ ನನ್ನ ಕ್ಯಾಮೆರಾ ಒದ್ದಾಡುತ್ತೆ, ಅದು ನಿಜ. ಪರಿಷೆಯ ಜೀವ ಇರೋದೇ ಸಂಜೆ ಏಳರ ಮೇಲೆ. ಬೆಳಕು ಕಮ್ಮಿ ಇದ್ದಾಗ ಸೆನ್ಸರಿನ ಸೂಕ್ಷ್ಮತೆ ಏರಿಸಬೇಕು, ಅದನ್ನ ಐಎಸ್‌ಒ ಅಂತೀವಿ. ನನ್ನದರಲ್ಲಿ 1600ಕ್ಕೆ ಮುಗೀತು, ಅಲ್ಲಿಗೆ ಹೋಗೋಷ್ಟರಲ್ಲೇ ಚಿತ್ರದ ತುಂಬ ಮರಳು ಎರಚಿದ ಹಾಗೆ ಬಣ್ಣದ ಚುಕ್ಕಿ. ಇವತ್ತಿನ ಸೆನ್ಸರ್ 6400ರಲ್ಲೂ ಸಲೀಸಾಗಿ ಕೊಡುತ್ತೆ. ಎರಡು ಹೆಜ್ಜೆ ಮುಂದೆ, ಅಂದ್ರೆ ಕಾಲು ಭಾಗ ಬೆಳಕಲ್ಲಿ ಅದೇ ವೇಗದ ಚಿತ್ರ. ಕಡಲೆಕಾಯಿ ಹುರಿಯೋ ಬಾಣಲೆಯಿಂದ ಮರಳು ಚಿಮ್ಮೋದನ್ನ, ಬತ್ತಾಸಿನ ಅಂಗಡಿ ಮುಂದೆ ಮಗು ಅಳೋದನ್ನ ಅಲುಗದ ಹಾಗೆ ಹಿಡೀಬೇಕಾದರೆ ಈ ವ್ಯತ್ಯಾಸ ಬಹಳ ದೊಡ್ಡದು.

ಇನ್ನೊಂದು ವಿಚಿತ್ರ ಇದೆ. ಕ್ಯಾಮೆರಾ ಬದಲಾಗಲಿಲ್ಲ, ಪರಿಷೆಯ ಬೆಳಕೇ ಬದಲಾಯ್ತು. ಮೊದಲು ಹಳದಿ ಬಲ್ಬು, ಅಲ್ಲೊಂದು ಇಲ್ಲೊಂದು ಗ್ಯಾಸ್ ಲೈಟು. ಈಗ ಸಾಲು ಸಾಲು ಎಲ್‌ಇಡಿ. ಅಗ್ಗದ ಎಲ್‌ಇಡಿ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಕಾಣಲ್ಲ, ವೇಗವಾಗಿ ತೆಗೆದ ಚಿತ್ರಕ್ಕೆ ಕಾಣುತ್ತೆ: ಒಂದು ಚಿತ್ರ ಕಪ್ಪು, ಪಕ್ಕದ್ದು ಬಿಳಿ. ಹೊಸ ಕ್ಯಾಮೆರಾಗಳು ಕೆಲವು ಆ ಮಿನುಗನ್ನ ಗುರುತಿಸಿ ಅದರ ತಾಳಕ್ಕೆ ಕ್ಲಿಕ್ ಮಾಡ್ತವೆ. ನನ್ನದಕ್ಕೆ ಅದು ಗೊತ್ತಿಲ್ಲ. ಅದು ಹುಟ್ಟಿದಾಗ ಬೀದಿಯಲ್ಲಿ ಆ ದೀಪ ಇರಲಿಲ್ಲವಲ್ಲ.

ಫಿಲ್ಮಿನ ಕೊನೆಗಾಲದಲ್ಲೂ ಹೀಗೇ ಆಯ್ತು. ಕೊಡಾಕ್ರೋಮ್ ಅನ್ನೋ ಪ್ರಸಿದ್ಧ ಸ್ಲೈಡ್ ಫಿಲ್ಮ್ 1935ರಿಂದ 2009ರವರೆಗೆ ಬಂತು. ಅದನ್ನ ಸಂಸ್ಕರಿಸ್ತಿದ್ದ ಜಗತ್ತಿನ ಕೊನೆಯ ಲ್ಯಾಬು, ಅಮೆರಿಕದ ಕಾನ್ಸಸ್‌ನಲ್ಲಿದ್ದದ್ದು, 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು. ಜನರ ಕೈಲಿದ್ದ ಕ್ಯಾಮೆರಾಗಳು ಚೆನ್ನಾಗೇ ಇದ್ದವು, ಸುತ್ತಲಿನ ಸರಪಳಿಯ ಒಂದು ಕೊಂಡಿ ಕಳಚಿತು. ನನ್ನ ಕ್ಯಾಮೆರಾದ ಕೊಂಡಿಗಳು ಯಾವುವು ಅಂತ ಒಂದು ಚೀಟಿ ಬರೆದುಕೊಂಡೆ. ಅದರ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡು ಈಗ ಅಂಗಡಿಯಲ್ಲಿ ಕೇಳಿದರೆ ಹುಡುಗ ಮುಖ ನೋಡ್ತಾನೆ. ಕಾರ್ಡ್ ರೀಡರು ಇರೋದು ಒಂದೇ. ಕಂಪನಿಯ ಬ್ಯಾಟರಿ ಇಲ್ಲ, ಯಾವುದೋ ಹೆಸರಿನದು ಹಾಕಿದ್ದೀನಿ, ಮುನ್ನೂರು ಚಿತ್ರಕ್ಕೆ ಸುಸ್ತಾಗುತ್ತೆ. ರಿಪೇರಿಯವರು ಪಾರ್ಟ್ಸ್ ಬೇಕಾದ್ರೆ ಇನ್ನೊಂದು ಸತ್ತ ಕ್ಯಾಮೆರಾ ತನ್ನಿ ಅಂತಾರೆ. ಲೆನ್ಸುಗಳು ಮಾತ್ರ ಗಟ್ಟಿ.

ಬೀದಿಯೂ ಕಾಯ್ತಾ ಕೂತಿಲ್ಲ. 2017ರ ಜೂನಿನಲ್ಲಿ ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ನಿಲ್ದಾಣ ಬಂತು, ಈಚೆಗೆ ಗಾಂಧಿ ಬಜಾರನ್ನ ಅಗೆದು ಕಾಲುದಾರಿ ಅಗಲ ಮಾಡಿದರು. ಅಗೆಯೋ ಮೊದಲಿನ ಗಾಂಧಿ ಬಜಾರಿನ ಹೂವಿನ ಸಾಲನ್ನ ಮತ್ತೆ ತೆಗೀತೀನಿ ಅಂದ್ರೆ ಯಾವ ಕ್ಯಾಮೆರಾಕ್ಕೂ ಸಾಧ್ಯ ಇಲ್ಲ. ನನ್ನ ಹತ್ತಿರ ಅದು ಇದೆಯಾ? 2011ರದ್ದು ಇದೆ. 2008ರದ್ದು ಆ ಟಕ್ ಟಕ್ ಡಿಸ್ಕಿನಲ್ಲಿದೆ.

ಹಾಗಾಗಿ ದುಡ್ಡನ್ನ ಹೀಗೆ ಹಂಚಿದೆ. ಮೊದಲು ಎರಡು ಹೊಸ ಹಾರ್ಡ್ ಡಿಸ್ಕು. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಮಲ್ಲೇಶ್ವರದಲ್ಲಿ ಅಕ್ಕನ ಮನೆಯಲ್ಲಿ. ಆಮೇಲೆ ಬಿಸ್ಕತ್ ಡಬ್ಬಿಯ ನೆಗೆಟಿವ್‌ಗಳ ಸ್ಕ್ಯಾನು. ಮೂರನೇದು, ವರ್ಷಕ್ಕೆ ಇಪ್ಪತ್ತು ಚಿತ್ರ ಆರಿಸಿ ಕಾಗದದ ಮೇಲೆ ಪ್ರಿಂಟು. ಇದಕ್ಕೆಲ್ಲ ಖರ್ಚಾದ ಮೇಲೆ ಉಳಿದದ್ದು ಹೊಸ ಮಿರರ್‌ಲೆಸ್ಸಿಗೆ ಸಾಕಾಗಲಿಲ್ಲ. ಅದನ್ನ ತಗೊಂಡಿದ್ರೆ ಲೆನ್ಸಿಗೆ ಅಡಾಪ್ಟರು, ಇಲ್ಲಾ ಹೊಸ ಲೆನ್ಸು, ಹೊಸ ಕಾರ್ಡು ಅಂತ ಖರ್ಚು ಅಲ್ಲಿಗೇ ನಿಲ್ತಾ ಇರಲಿಲ್ಲ. ನನ್ನ ಹಳೇ ಲೆನ್ಸುಗಳೇ ಕೂರೋ, ಐದಾರು ವರ್ಷ ಬಳಸಿದ, 24 ಮೆಗಾಪಿಕ್ಸೆಲ್ಲಿನ ಸೆಕೆಂಡ್ ಹ್ಯಾಂಡ್ ಬಾಡಿ ಒಂದನ್ನ ನೋಡಿ ಬಂದಿದ್ದೀನಿ. ಅಂಗಡಿಯವರು ಒಂದು ಸಂಜೆ ಕೊಟ್ಟಿದ್ರು. ಕತ್ತಲಾದ ಮೇಲೆ ರಾಮಕೃಷ್ಣ ಆಶ್ರಮದ ಸರ್ಕಲ್ಲಿನಿಂದ ಬಸವನ ಗುಡಿವರೆಗೆ ನಡೆದು ತೆಗೆದೆ. ಎಳನೀರಿನವನ ಕತ್ತಿ ಅಲುಗದೆ ಬಂದಿದೆ.

ಅಣ್ಣನ ಮಗನಿಗೆ ತೋರಿಸಿದೆ. "ಇದೂ ಹಳೇದೇ ಅಲ್ವಾ ಚಿಕ್ಕಪ್ಪ?" ಅಂದ. ಹೌದಪ್ಪ, ಹಳೇದೇ. ಅವನಿಗೊಂದು ಕೆಲಸ ಹಚ್ಚಿದ್ದೀನಿ: ಅವನ ಫೋನಿನಲ್ಲಿರೋ ಅವರಜ್ಜಿಯ ಫೋಟೋಗಳು ಇನ್ನೆಲ್ಲಿ ಇವೆ ಅಂತ ಹುಡುಕೋದು. ಇನ್ನೂ ಉತ್ತರ ಬಂದಿಲ್ಲ.

6 ಮೆಗಾಪಿಕ್ಸೆಲ್ಲಿನದನ್ನ ಮಾರೋಕೆ ಹೋಗಲಿಲ್ಲ, ಯಾರೂ ಕೊಳ್ಳೋದೂ ಇಲ್ಲ. ಹಗಲು ಹೊತ್ತಿಗೆ ಅದು, ಸಂಜೆ ಮೇಲೆ ಇದು. ಕಾರ್ತೀಕದ ಕಡೇ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ, ಫೆವಿಕ್ವಿಕ್ ಹಚ್ಚಿದ ಕ್ಯಾಮೆರಾ ನೇತುಹಾಕಿಕೊಂಡು ಚಿಂತಾಮಣಿಯವನ ಮೂಟೆ ಪಕ್ಕ ಯಾರಾದ್ರೂ ನಿಂತಿದ್ರೆ ಮಾತಾಡಿಸಿ. 2006ರಿಂದ 2009ರ ನಡುವೆ ನೀವು ಪರಿಷೆಯಲ್ಲಿ ತೆಗೆದ ಚಿತ್ರಗಳಿದ್ರೆ ದಯವಿಟ್ಟು ಜೊತೆಗೆ ತನ್ನಿ. ಮೂಟೆಗಳ ಹಿಂದೆ, ಸ್ವಲ್ಪ ಬಲಗಡೆಗೆ, ಹಲ್ಲು ಬಿಟ್ಟು ನಗ್ತಿರೋ ಒಬ್ಬ ಅಜ್ಜಿ ಇದ್ದಾರಾ ಅಂತ ನೋಡಬೇಕು.